ಕಾರಿನ ಸ್ಪೀಕರ್ ಸದ್ದು ಸರಿಯಿಲ್ಲವೇ? ಹೊಸದು ಕೊಳ್ಳುವ ಮೊದಲು ಈ ಕ್ರಮದಲ್ಲಿ ನೋಡಿ

"ಹೊಸ ಸ್ಪೀಕರ್ ಹಾಕಿಸಿದೆ, ಆದ್ರೂ ಸದ್ದು ಮೊದಲಿನ ಹಾಗೇ ಇದೆ." ಈ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಕಾರಣ ಹೆಚ್ಚಾಗಿ ಒಂದೇ. ಕೊನೆಗೆ ಮಾಡಬೇಕಾದ ಖರ್ಚನ್ನು ಮೊದಲೇ ಮಾಡಿರುತ್ತಾರೆ. ತೊಂದರೆ ಸ್ಟೀರಿಯೊ ಸೆಟ್ಟಿಂಗ್‌ನಲ್ಲೋ ಬಾಗಿಲಿನ ವೈರ್‌ನಲ್ಲೋ ಇದ್ದರೆ, ಎಷ್ಟು ದುಬಾರಿ ಸ್ಪೀಕರ್ ಹಾಕಿದರೂ ಅದು ಅಲ್ಲೇ ಉಳಿಯುತ್ತದೆ.

ಹಾಡು ಫೋನಿನಿಂದ ಹೊರಟು ಸ್ಟೀರಿಯೊ, ವೈರ್, ಸ್ಪೀಕರ್, ಬಾಗಿಲು ದಾಟಿ ಕಿವಿಗೆ ಬರುತ್ತದೆ. ಹುಡುಕುವುದೂ ಅದೇ ದಾರಿಯಲ್ಲಿ. ಮೊದಲ ಎರಡು ಹಂತಕ್ಕೆ ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ. ಆತುರಪಟ್ಟು ಹಂತ ಹಾರಿಸಬೇಡಿ.

ಇಲ್ಲಿ ಹೇಳುವುದು ಒಂದು ಸ್ಟೀರಿಯೊ, ನಾಲ್ಕು ಬಾಗಿಲ ಸ್ಪೀಕರ್ ಇರುವ ಸಾಮಾನ್ಯ ಕಾರಿಗೆ. ಕಂಪನಿಯಿಂದಲೇ ಬೇರೆ ಆಂಪ್ಲಿಫೈಯರ್ ಬಂದಿರುವ ದುಬಾರಿ ಮಾದರಿಯಾದರೆ 3 ಮತ್ತು 4ನೇ ಹಂತದಲ್ಲಿ ಸ್ಟೀರಿಯೊ ಹಿಂದೆ ಮಾಡುವ ಪರೀಕ್ಷೆಗಳು ನಡೆಯುವುದಿಲ್ಲ. ವೈರ್ ಆಂಪ್‌ಗೆ ಹೋಗಿರುತ್ತದೆ, ಸ್ಪೀಕರ್‌ಗಲ್ಲ.

## ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್ ಒಂದು. ಅಗ್ಗದ್ದೇ ಸಾಕು. ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆ, ಬೇರೆ ಊರಲ್ಲಿ ಯಾವುದೇ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಜೊತೆಗೆ 1.5 ವೋಲ್ಟ್ ಪೆನ್ಸಿಲ್ ಸೆಲ್, ಟಾರ್ಚ್, ಮಾಸ್ಕಿಂಗ್ ಟೇಪ್, ಪೆನ್ನು, ಸ್ಕ್ರೂಡ್ರೈವರ್ ಸೆಟ್, ಬ್ಯಾಟರಿ ಟರ್ಮಿನಲ್‌ಗೆ 10 ನಂಬರ್ ಸ್ಪ್ಯಾನರ್.

ಡೋರ್ ಪ್ಯಾಡ್ (ಬಾಗಿಲಿನ ಒಳಹೊದಿಕೆ) ಬಿಚ್ಚಲು ಪ್ಲಾಸ್ಟಿಕ್ ಟ್ರಿಮ್ ಟೂಲ್ ತಗೊಳ್ಳಿ. ಸ್ಕ್ರೂಡ್ರೈವರ್ ತುರುಕಿದರೆ ಪ್ಯಾಡ್ ಅಂಚು ಗೀರಿ, ಕ್ಲಿಪ್ ಮುರಿಯುತ್ತದೆ. ಟೂಲ್ ಬಳಸಿದರೂ ಹಳೆಯ ಕಾರಿನಲ್ಲಿ ಒಂದೆರಡು ಕ್ಲಿಪ್ ಹೋಗೇ ಹೋಗುತ್ತವೆ. ಹಾಗಾಗಿ ನಿಮ್ಮ ಮಾದರಿಯ ಕ್ಲಿಪ್ ಐದಾರು ಮೊದಲೇ ತಂದಿಟ್ಟುಕೊಳ್ಳಿ. ಕ್ಲಿಪ್ ಇಲ್ಲದೆ ಪ್ಯಾಡ್ ಕೂರಿಸಿದರೆ, ನೀವು ಓಡಿಸಲು ಹೊರಟ ಗಡಗಡ ಸದ್ದು ಎರಡರಷ್ಟಾಗಿ ವಾಪಸ್ ಬರುತ್ತದೆ.

## ಬಿಚ್ಚುವ ಮೊದಲು ಎಚ್ಚರಿಕೆ

ಬ್ಯಾಟರಿಯ ಮೈನಸ್ ತಂತಿ ಕಳಚಿ. ಅದಕ್ಕೂ ಮೊದಲು, ನಿಮ್ಮ ಸ್ಟೀರಿಯೊಗೆ ಸೆಕ್ಯುರಿಟಿ ಕೋಡ್ ಇದೆಯಾ ಎಂದು ಕಾರಿನ ಪುಸ್ತಕದಲ್ಲಿ ನೋಡಿ. ಕೋಡ್ ಕೈಯಲ್ಲಿಲ್ಲದಿದ್ದರೆ ಸ್ಟೀರಿಯೊ ಲಾಕ್ ಆಗಿ ಕೂರಬಹುದು.

ಹಳದಿ ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್) ಅಥವಾ ಹಳದಿ ಹೊದಿಕೆಯ ವೈರ್ ಗೊಂಚಲು ಕಂಡರೆ ಮುಟ್ಟಬೇಡಿ. ಅದು ಏರ್‌ಬ್ಯಾಗಿನದ್ದು. ಕೆಲವು ಕಾರುಗಳ ಮುಂಬಾಗಿಲಿನ ಒಳಗೆ ಪಕ್ಕದ ಡಿಕ್ಕಿಗೆ ಸ್ಪಂದಿಸುವ ಸೆನ್ಸರ್ ಇರುತ್ತದೆ. ಅದನ್ನೂ ಹಾಗೇ ಬಿಡಿ. ಏನಾದರೂ ಕಪ್ಲರ್ ಕಳಚಿದಾಗ ಇಗ್ನಿಷನ್ ಆನ್ ಮಾಡಬೇಡಿ. ಏರ್‌ಬ್ಯಾಗ್ ದೀಪ ಹತ್ತಿಕೊಂಡರೆ ಅದನ್ನು ಆರಿಸಲು ಸರ್ವಿಸ್ ಸೆಂಟರ್‌ಗೇ ಹೋಗಬೇಕಾಗಬಹುದು.

ಕಾರು ವಾರಂಟಿಯಲ್ಲಿದ್ದರೆ ಕಂಪನಿಯ ವೈರ್ ಕತ್ತರಿಸಬೇಡಿ, ಕತ್ತರಿಸಲು ಬಿಡಬೇಡಿ. ನಿಮ್ಮ ಮಾದರಿಗೆ ಹೊಂದುವ ಕಪ್ಲರ್ ಸಿಗುತ್ತದೆ.

## ಹಂತ 1: ದೂರು ಏನೆಂದು ಖಚಿತ ಮಾಡಿಕೊಳ್ಳಿ

ನಿಮಗೆ ಬಾಯಿಪಾಠವಾಗಿರುವ ಒಂದು ಹಾಡು ಆರಿಸಿಕೊಳ್ಳಿ. ಒಬ್ಬರೇ ಹಾಡಿರಬೇಕು, ಹಿನ್ನೆಲೆಯಲ್ಲಿ ತಬಲಾ ಅಥವಾ ಡ್ರಮ್ ಇರಬೇಕು. ಎಫ್‌ಎಂ ಹಾಕಿಕೊಂಡು ಪರೀಕ್ಷಿಸಬೇಡಿ. ಎಫ್‌ಎಂ ಪ್ರಸಾರದಲ್ಲಿ 15 ಕಿಲೋಹರ್ಟ್ಜ್‌ಗಿಂತ ಮೇಲಿನ ಸದ್ದು ಬರುವುದೇ ಇಲ್ಲ.

ಸ್ಟೀರಿಯೊದಲ್ಲಿ ಬ್ಯಾಲೆನ್ಸ್ (ಎಡ-ಬಲ) ಮತ್ತು ಫೇಡರ್ (ಮುಂದೆ-ಹಿಂದೆ) ಸರಿಸಿ, ಒಂದೊಂದೇ ಮೂಲೆಯನ್ನು ಕೇಳಿ. ಮುಂದಿನ ಬಲ, ಮುಂದಿನ ಎಡ, ಹಿಂದಿನ ಬಲ, ಹಿಂದಿನ ಎಡ. ಇಂಜಿನ್ ಆಫ್, ಕಿಟಕಿ ಮುಚ್ಚಿರಲಿ. ಕೇಳಿದ್ದನ್ನು ಬರೆದುಕೊಳ್ಳಿ.

ಒಂದು ಮೂಲೆಯಲ್ಲಿ ಮಾತ್ರ ತೊಂದರೆ ಇದ್ದರೆ ವೈರ್ ಅಥವಾ ಸ್ಪೀಕರ್. ನಾಲ್ಕೂ ಮೂಲೆಯಲ್ಲಿ, ಅದೂ ವಾಲ್ಯೂಮ್ ಏರಿಸಿದಾಗ ಮಾತ್ರ ಒಡೆದರೆ ಅದು ಸೆಟ್ಟಿಂಗ್ ಅಥವಾ ಪವರ್ ಕೊರತೆ. ಒಂದೊಂದಾಗಿ ಚೆನ್ನಾಗಿದ್ದು, ಎಲ್ಲ ಸೇರಿದಾಗ ಬೇಸ್ ಮಾಯವಾದರೆ ಪ್ಲಸ್-ಮೈನಸ್ ಅದಲುಬದಲಾಗಿದೆ. ಆಕ್ಸಿಲರೇಟರ್ ಒತ್ತಿದಂತೆ 'ಕೂಂಯ್' ಸದ್ದೂ ಏರಿದರೆ ಅರ್ಥಿಂಗ್ ತೊಂದರೆ, ನೇರ 8ನೇ ಹಂತಕ್ಕೆ ಹೋಗಿ.

## ಹಂತ 2: ಫೋನ್ ಮತ್ತು ಸ್ಟೀರಿಯೊ ಸೆಟ್ಟಿಂಗ್

ಎಷ್ಟೋ ದೂರುಗಳು ಇಲ್ಲೇ ಮುಗಿಯಬಹುದಿತ್ತು, ಆದರೆ ಇದನ್ನು ಹೆಚ್ಚಿನವರು ನೋಡುವುದಿಲ್ಲ.

ಬ್ಲೂಟೂತ್‌ನಲ್ಲಿ ಕೇಳುವಾಗ ಫೋನಿನ ವಾಲ್ಯೂಮ್ ಪೂರ್ತಿ ಅಥವಾ ಒಂದು ಗೆರೆ ಕಡಿಮೆ ಇಡಿ. ಸದ್ದು ಹೆಚ್ಚು ಕಡಿಮೆ ಮಾಡುವುದು ಸ್ಟೀರಿಯೊದಲ್ಲಿ. ಫೋನ್ ಅರ್ಧಕ್ಕಿಟ್ಟು ಸ್ಟೀರಿಯೊ ಏರಿಸಿದರೆ ಹಾಡಿನ ಜೊತೆ 'ಹಿಸ್ಸ್' ಅನ್ನುವ ಸದ್ದೂ ದೊಡ್ಡದಾಗುತ್ತದೆ. ಹಾಡಿನ ಆ್ಯಪ್‌ನಲ್ಲಿ ಡೇಟಾ ಉಳಿಸುವ ಆಯ್ಕೆ ಆನ್ ಇದ್ದರೆ ಆಫ್ ಮಾಡಿ. ಹಾಡು ಹಳೆಯ ಲ್ಯಾಂಡ್‌ಲೈನ್ ಫೋನಿನಲ್ಲಿ ಕೇಳಿದಂತೆ ಬರುತ್ತಿದ್ದರೆ ಬ್ಲೂಟೂತ್ ಕರೆಯ ಮೋಡ್‌ನಲ್ಲೇ ಸಿಕ್ಕಿಕೊಂಡಿರಬಹುದು. ಜೋಡಣೆ ಅಳಿಸಿ ಹೊಸದಾಗಿ ಜೋಡಿಸಿ.

ಅದೇ ಹಾಡನ್ನು 320 ಕೆಬಿಪಿಎಸ್ ಫೈಲ್ ಆಗಿ ಪೆನ್‌ಡ್ರೈವ್‌ನಲ್ಲಿ ಹಾಕಿ ಕೇಳಿ. ಅದು ಚೆನ್ನಾಗಿದ್ದು ಬ್ಲೂಟೂತ್ ಮಾತ್ರ ಕೆಟ್ಟದಾಗಿದ್ದರೆ ಸ್ಪೀಕರ್‌ನ ತಪ್ಪೇನೂ ಇಲ್ಲ.

ಈಗ ಸ್ಟೀರಿಯೊದ ಈಕ್ವಲೈಸರ್‌ನಲ್ಲಿ (ಬೇಸ್, ಟ್ರೆಬಲ್ ಹೆಚ್ಚು ಕಡಿಮೆ ಮಾಡುವ ಕಡೆ) ಎಲ್ಲ ಸೊನ್ನೆಗೆ ತನ್ನಿ. ಬೇಸ್ ಬೂಸ್ಟ್ ಆಫ್, ಲೌಡ್‌ನೆಸ್ ಆಫ್. ಫೋನಿನ ಈಕ್ವಲೈಸರ್ ಕೂಡ ಆಫ್. ಸದ್ದು ಸಪ್ಪೆ ಅನ್ನಿಸುತ್ತದೆ, ಅನ್ನಿಸಲಿ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಈಕ್ವಲೈಸರ್‌ನಲ್ಲಿ 3 ಡೆಸಿಬೆಲ್ ಏರಿಸಿದರೆ ಆ ಭಾಗಕ್ಕೆ ಎರಡರಷ್ಟು ಪವರ್ ಬೇಕು. 10 ಡೆಸಿಬೆಲ್ ಏರಿಸಿದರೆ ಹತ್ತರಷ್ಟು. ಡಬ್ಬದ ಮೇಲೆ 50 ವ್ಯಾಟ್ ಇಂಟು 4 ಎಂದು ಬರೆದಿದ್ದರೂ ಸ್ಟೀರಿಯೊ ಒಂದೇ ಸಮನೆ ಕೊಡುವುದು ಚಾನೆಲ್‌ಗೆ 15ರಿಂದ 20 ವ್ಯಾಟ್ ಅಷ್ಟೇ. ಹೊರಗೆ ಆಂಪ್ ಇಲ್ಲದ ಹೆಚ್ಚಿನ ಸ್ಟೀರಿಯೊಗಳಿಗೆ ಇದೇ ಮಿತಿ. ಬೇಸ್ +6 ಇಟ್ಟು ವಾಲ್ಯೂಮ್ ಏರಿಸಿದರೆ ಸ್ಟೀರಿಯೊ ಏದುಸಿರು ಬಿಟ್ಟು ಅಲೆಯ ತಲೆ ಕತ್ತರಿಸುತ್ತದೆ. ಆ ಒಡಕು ಸದ್ದನ್ನೇ ನಾವು "ಸ್ಪೀಕರ್ ಹರಿದಿದೆ" ಅನ್ನುವುದು. ಹೀಗೇ ಓಡಿಸುತ್ತಿದ್ದರೆ ಟ್ವೀಟರ್ (ತೀಕ್ಷ್ಣ ಸದ್ದು ಕೊಡುವ ಪುಟ್ಟ ಸ್ಪೀಕರ್) ನಿಜಕ್ಕೂ ಸುಟ್ಟುಹೋಗಬಹುದು.

ಇನ್ನೊಂದು ಸೆಟ್ಟಿಂಗ್ ಹುಡುಕಿ. ಎಚ್‌ಪಿಎಫ್ ಅಥವಾ ಹೈ ಪಾಸ್ ಫಿಲ್ಟರ್ ಅಂತ ಇರುತ್ತದೆ. ಅದನ್ನು 80 ಹರ್ಟ್ಜ್‌ಗೆ ಇಡಿ. ಬಾಗಿಲಿನ ಚಿಕ್ಕ ಸ್ಪೀಕರ್‌ಗೆ ನಿಭಾಯಿಸಲಾಗದ ತಳದ ಬೇಸ್ ಅಲ್ಲಿಗೆ ಹೋಗುವುದು ನಿಲ್ಲುತ್ತದೆ. ಬೇಸ್ ಕಡಿಮೆಯಾಯ್ತಲ್ಲ ಅನ್ನಬೇಡಿ. ಮೊದಲು ಒಡೆಯುತ್ತಿದ್ದ ವಾಲ್ಯೂಮ್‌ನಲ್ಲಿ ಈಗ ಹಾಡು ಸ್ವಚ್ಛವಾಗಿ ಬರುತ್ತದೆಯೇ ನೋಡಿ. ಬಂದರೆ, ಇಲ್ಲಿಗೇ ನಿಲ್ಲಿಸಿದರೂ ನಷ್ಟವಿಲ್ಲ.

## ಹಂತ 3: ವೈರ್ ಪರೀಕ್ಷೆ, ಅದೂ ಸ್ಟೀರಿಯೊ ಹಿಂದಿನಿಂದ

ಬಾಗಿಲು ಬಿಚ್ಚುವ ಅಗತ್ಯ ಇನ್ನೂ ಬಂದಿಲ್ಲ. ಬ್ಯಾಟರಿ ಮೈನಸ್ ಕಳಚಿ, ಸ್ಟೀರಿಯೊ ಹೊರಗೆಳೆದು, ಕಪ್ಲರ್ ಕಳಚುವ ಮೊದಲು ಫೋಟೊ ತೆಗೆಯಿರಿ.

ಹೊರಗಿನಿಂದ ಹಾಕಿಸಿದ ಸ್ಟೀರಿಯೊದ ವೈರ್‌ಗಳಿಗೆ ಸಾಮಾನ್ಯ ಬಣ್ಣದ ಲೆಕ್ಕ ಇದೆ. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಅದು ಮೈನಸ್. ಹಳದಿ ಬ್ಯಾಟರಿಯಿಂದ ನೇರ, ಕೆಂಪು ಕೀಲಿಯಿಂದ, ಕಪ್ಪು ಅರ್ಥ್. ಕಂಪನಿ ವೈರ್‌ಗೆ ಈ ಬಣ್ಣ ನಂಬಬೇಡಿ. ಅದು ಕಾರಿಂದ ಕಾರಿಗೆ ಬೇರೆ.

ಮಲ್ಟಿಮೀಟರ್ ಅನ್ನು ಓಮ್‌ನ ಕೆಳಗಿನ ರೇಂಜ್‌ಗೆ ಇಡಿ. ಮೊದಲು ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ, ಬಂದ ಅಂಕಿ ನೆನಪಿಡಿ. ಅದನ್ನು ಆಮೇಲೆ ಕಳೆಯಬೇಕು. ಈಗ ಕಾರಿನ ಕಡೆಯ ಕಪ್ಲರ್‌ನಲ್ಲಿ ಒಂದು ಸ್ಪೀಕರ್‌ನ ಪ್ಲಸ್ ಮತ್ತು ಮೈನಸ್‌ಗೆ ಹಿಡಿಯಿರಿ.

- 3ರಿಂದ 4 ಓಮ್ ಬಂದರೆ ವೈರ್ ಮತ್ತು ಸ್ಪೀಕರ್ ಕಾಯಿಲ್ (ಸ್ಪೀಕರ್ ಒಳಗಿನ ತಂತಿ ಸುರುಳಿ) ಎರಡೂ ತುಂಡಾಗಿಲ್ಲ.
- 1 ಎಂದೋ ಓಎಲ್ ಎಂದೋ ತೋರಿಸಿದರೆ ಎಲ್ಲೋ ತುಂಡಾಗಿದೆ.
- 2 ಓಮ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಯಿಲ್ ಸುಟ್ಟು ಶಾರ್ಟ್ ಆಗಿದೆ, ಇಲ್ಲವೇ ಯಾರೋ ಒಂದೇ ವೈರ್‌ಗೆ ಎರಡು ಸ್ಪೀಕರ್ ಕಟ್ಟಿದ್ದಾರೆ.

ಈ ಕೊನೆಯದು ನಮ್ಮಲ್ಲಿ ಜಾಸ್ತಿ. ಹಿಂಬಾಗಿಲಿನ ವೈರ್‌ನಿಂದಲೇ ಪಾರ್ಸೆಲ್ ಟ್ರೇಯ (ಹಿಂದಿನ ಸೀಟಿನ ಹಿಂದಿರುವ ಹಲಗೆ) 6x9 ಇಂಚಿನ ಸ್ಪೀಕರ್‌ಗೂ ಎಳೆದುಬಿಡುತ್ತಾರೆ. 4 ಓಮ್‌ನ ಎರಡು ಸ್ಪೀಕರ್ ಹೀಗೆ ಪಕ್ಕಪಕ್ಕ ಸೇರಿದರೆ 2 ಓಮ್. ಸಾಮಾನ್ಯ ಸ್ಟೀರಿಯೊ 4 ಓಮ್‌ಗೆ ಮಾಡಿದ್ದು. ಅದು ಬಿಸಿಯಾಗಿ ನಡುನಡುವೆ ಬಂದ್ ಆಗುತ್ತದೆ, ಒಂದು ದಿನ ಪೂರ್ತಿ ಹೋಗುತ್ತದೆ.

ಮೀಟರ್ ಹಿಡಿದಿರುವಾಗಲೇ ಯಾರಿಗಾದರೂ ಆ ಬಾಗಿಲನ್ನು ತೆರೆದು ಮುಚ್ಚಲು ಹೇಳಿ. ಅಂಕಿ ಕುಣಿದರೆ ತೊಂದರೆ ಸಿಕ್ಕಿತು. ಬಾಗಿಲಿನ ಕೀಲಿನ ಹತ್ತಿರ ರಬ್ಬರ್ ಕೊಳವೆ ಇದೆಯಲ್ಲ, ಅದರೊಳಗೆ ವೈರ್ ಮಡಚಿ ಮಡಚಿ ತುಂಡಾಗಿರುತ್ತದೆ. ಹೊರಗಿನ ಪ್ಲಾಸ್ಟಿಕ್ ಚೆನ್ನಾಗೇ ಕಾಣುತ್ತದೆ, ಒಳಗಿನ ತಾಮ್ರ ಹೋಗಿರುತ್ತದೆ. ರಬ್ಬರ್ ಸರಿಸಿ, ಒಂದೊಂದು ವೈರ್ ಹಗುರವಾಗಿ ಎಳೆದು ನೋಡಿ. ತುಂಡಾದದ್ದು ರಬ್ಬರ್‌ಬ್ಯಾಂಡ್‌ನಂತೆ ಹಿಗ್ಗುತ್ತದೆ.

ಆಮೇಲೆ ಮೀಟರ್‌ನ ಒಂದು ಕಡ್ಡಿ ಸ್ಪೀಕರ್ ವೈರ್‌ಗೆ, ಇನ್ನೊಂದು ಕಾರಿನ ಬಣ್ಣವಿಲ್ಲದ ಕಬ್ಬಿಣಕ್ಕೆ. ಇಲ್ಲಿ 1 ಎಂದೋ ಓಎಲ್ ಎಂದೋ ಬಂದರೇ ಸರಿ. ಬೇರೆ ಅಂಕಿ ತೋರಿಸಿದರೆ ವೈರ್ ಉಜ್ಜಿ ಕಾರಿನ ಬಾಡಿಗೆ ತಾಗುತ್ತಿದೆ. ಇದನ್ನು ಹಗುರಾಗಿ ತಗೊಳ್ಳಬೇಡಿ. ಈ ಸ್ಟೀರಿಯೊಗಳಲ್ಲಿ ಸ್ಪೀಕರ್‌ನ ಮೈನಸ್ ಅಂದರೆ ಅರ್ಥ್ ಅಲ್ಲ, ಅಲ್ಲೂ ಸಿಗ್ನಲ್ ಇರುತ್ತದೆ. "ಮೈನಸ್ ತಾನೇ, ಬಾಡಿಗೆ ಕೊಡೋಣ" ಎಂದು ವೈರ್ ಉಳಿಸಲು ಹೋದವರ ಸ್ಟೀರಿಯೊ ಸುಟ್ಟಿದೆ.

ಜೋಡಣೆಗಳನ್ನೂ ನೋಡಿ. ಸುಮ್ನೆ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ದರೆ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಅಂಟು ಕರಗಿ ಬಿಟ್ಟುಕೊಳ್ಳುತ್ತದೆ. ಕ್ರಿಂಪ್ ಅಥವಾ ಬೆಸುಗೆ ಮಾಡಿ, ಮೇಲೆ ಹೀಟ್ ಶ್ರಿಂಕ್ ಕೊಳವೆ ಹಾಕಿ. ಕರಾವಳಿ, ಮಲೆನಾಡಿನ ಕಾರಾದರೆ ಬಾಗಿಲೊಳಗಿನ ಕಪ್ಲರ್ ಪಿನ್ ಹಸಿರುಗಟ್ಟಿದೆಯಾ ನೋಡಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಉಜ್ಜಿ.

## ಹಂತ 4: ಪ್ಲಸ್-ಮೈನಸ್ ಸರಿಯಿದೆಯೇ?

ಒಂದು ಸ್ಪೀಕರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆದರೆ ಬೇಸ್ ಒಂದನ್ನೊಂದು ಕೊಂದುಕೊಳ್ಳುತ್ತದೆ. ಹಾಡುವವರ ದನಿ ಡ್ಯಾಶ್‌ಬೋರ್ಡ್ ನಡುವಿನಿಂದ ಬರುವ ಬದಲು ಎಲ್ಲಿಂದಲೋ ಬಂದಂತಿರುತ್ತದೆ. ಹೊಸ ಸ್ಪೀಕರ್ ಹಾಕಿಸಿದ ಮೇಲೆ ಬೇಸ್ ಕಡಿಮೆಯಾಯ್ತು ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಪೆನ್ಸಿಲ್ ಸೆಲ್ ತಗೊಳ್ಳಿ. ಸ್ಟೀರಿಯೊದಿಂದ ಕಪ್ಲರ್ ಕಳಚಿಯೇ ಇರಲಿ. ಸೆಲ್‌ನ ಪ್ಲಸ್ಸನ್ನು ಸ್ಪೀಕರ್ ಪ್ಲಸ್‌ಗೆ, ಮೈನಸ್ಸನ್ನು ಮೈನಸ್‌ಗೆ ಕ್ಷಣಮಾತ್ರ ತಾಗಿಸಿ ತೆಗೆಯಿರಿ. 'ಟಕ್' ಅನ್ನುತ್ತದೆ. ಇನ್ನೊಬ್ಬರು ಜಾಲರಿಯ ಮೂಲಕ ಟಾರ್ಚ್ ಬಿಟ್ಟು ಕೋನ್ (ಸ್ಪೀಕರ್‌ನ ಅಲುಗಾಡುವ ಬಟ್ಟಲು) ನೋಡಲಿ. ಹೊರಗೆ ಬಂದರೆ ಸರಿ. ಒಳಗೆ ಹೋದರೆ ಉಲ್ಟಾ. ನಾಲ್ಕನ್ನೂ ನೋಡಿ, ಮಾಸ್ಕಿಂಗ್ ಟೇಪ್ ಮೇಲೆ ಗುರುತು ಹಾಕಿ. ಸೆಲ್ ಹಿಡಿದುಕೊಂಡೇ ಇರಬೇಡಿ, ಕಾಯಿಲ್ ಬಿಸಿಯಾಗುತ್ತದೆ. ಟ್ವೀಟರ್‌ಗೆ ಈ ಪರೀಕ್ಷೆ ಬೇಡ.

ಜಾಲರಿಯಿಂದ ಏನೂ ಕಾಣದಿದ್ದರೆ ಕಿವಿಯ ಪರೀಕ್ಷೆ ಇದೆ. ಕಪ್ಲರ್, ಬ್ಯಾಟರಿ ತಂತಿ ಮತ್ತೆ ಜೋಡಿಸಿ. ಫೇಡರ್ ಪೂರ್ತಿ ಮುಂದಕ್ಕೆ ಇಟ್ಟು ಹಾಡು ಹಾಕಿ, ಬ್ಯಾಲೆನ್ಸನ್ನು ನಡುವಿನಿಂದ ಒಂದು ಪಕ್ಕಕ್ಕೆ ಸರಿಸಿ. ಒಂದೇ ಸ್ಪೀಕರ್ ಉಳಿದಾಗ ಬೇಸ್ ಜಾಸ್ತಿಯಾದರೆ ಎರಡರಲ್ಲಿ ಒಂದು ಉಲ್ಟಾ ಇದೆ.

## ಹಂತ 5: ಸ್ಪೀಕರ್‌ಗೇ ತೊಂದರೆಯೇ?

ಈಗ ಡೋರ್ ಪ್ಯಾಡ್ ಬಿಚ್ಚಿ. ಹಿಡಿಕೆಯ ಒಳಗೆ, ಬಾಗಿಲು ತೆಗೆಯುವ ಲಿವರ್ ಹಿಂದೆ, ಚಿಕ್ಕ ಮುಚ್ಚಳದ ಅಡಿಯಲ್ಲಿ ಸ್ಕ್ರೂ ಅಡಗಿರುತ್ತವೆ. ಪ್ಯಾಡ್ ಬರುತ್ತಿಲ್ಲ ಅಂದರೆ ಸ್ಕ್ರೂ ಉಳಿದಿದೆ ಎಂದೇ ಅರ್ಥ. ಬಲ ಹಾಕಬೇಡಿ.

ಕೋನ್‌ನ ಎರಡೂ ಬದಿಗೆ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒಳಗೆ ಒತ್ತಿ. ಸದ್ದಿಲ್ಲದೆ ಹೋಗಿ ಬರಬೇಕು. 'ಕರಕರ' ಎಂದರೆ ಕಾಯಿಲ್ ಉಜ್ಜುತ್ತಿದೆ, ಅದನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಅಂಚಿನ ರಬ್ಬರ್ ಅಥವಾ ಫೋಮ್ ಬಿಟ್ಟಿದೆಯಾ, ಕಾಗದದ ಕೋನ್ ನೀರು ಕುಡಿದು ಉಬ್ಬಿದೆಯಾ ನೋಡಿ.

ಟ್ವೀಟರ್‌ಗೆ ಮೀಟರ್ ಪರೀಕ್ಷೆ ಸಾಲದು. ಅದರ ದಾರಿಯಲ್ಲಿ ಕೆಪಾಸಿಟರ್ ಇರುವುದರಿಂದ ಮೀಟರ್‌ಗೆ ಅದು ಕಾಣುವುದೇ ಇಲ್ಲ. ಕಡಿಮೆ ವಾಲ್ಯೂಮ್‌ನಲ್ಲಿ ಹಾಡು ಹಾಕಿ ಕಿವಿ ಹತ್ತಿರ ಇಡಿ. ತಾಳ, ಗೆಜ್ಜೆಯ ಸದ್ದು ಬರುತ್ತಿಲ್ಲ ಅಂದರೆ ಅದು ಹೋಗಿದೆ.

## ಹಂತ 6: ಬಾಗಿಲು

ಸ್ಪೀಕರ್ ಬದಲಿಸುವ ದುಡ್ಡಿನಲ್ಲಿ ಅರ್ಧ ಇಲ್ಲಿ ಹಾಕಿ ಎಂದೇ ನನ್ನ ಸಲಹೆ. ಮನೆಯ ಸ್ಪೀಕರ್‌ಗೆ ಮರದ ಪೆಟ್ಟಿಗೆ ಇರುತ್ತದೆ. ಕಾರಿನಲ್ಲಿ ಆ ಪೆಟ್ಟಿಗೆ ಬಾಗಿಲೇ. ತೆಳು ತಗಡು, ದೊಡ್ಡ ದೊಡ್ಡ ತೂತು. ಕೋನ್‌ನ ಹಿಂದಿನ ಅಲೆ ಆ ತೂತಿನಿಂದ ಬಂದು ಮುಂದಿನ ಅಲೆಯನ್ನು ಅಳಿಸಿಹಾಕುತ್ತದೆ. ಒಳ್ಳೆಯ ಸ್ಪೀಕರ್‌ನಲ್ಲೂ ಬೇಸ್ ಬರದಿರುವುದು ಇದಕ್ಕೇ.

ಮೊದಲು ಹೊರ ತಗಡಿನ ಒಳಮೈಯನ್ನು ಬೆರಳ ಗೆಣ್ಣಿನಿಂದ ತಟ್ಟಿ. 'ಟಣ್' ಅನ್ನುತ್ತದೆ. ಸ್ಪಿರಿಟ್‌ನಿಂದ ಧೂಳು, ಎಣ್ಣೆ ಒರೆಸಿ, ಸ್ಪೀಕರ್‌ನ ನೇರ ಹಿಂದೆ ಮತ್ತು ತಗಡಿನ ಬಯಲು ಭಾಗದ ನಡುವೆ 2 ಮಿ.ಮೀ. ಬ್ಯುಟೈಲ್ ಡ್ಯಾಂಪಿಂಗ್ ಶೀಟ್ (ತಗಡಿನ ಅದುರು ತಡೆಯುವ ಅಂಟು ಹಾಳೆ) ಹಚ್ಚಿ. ರೋಲರ್‌ನಿಂದ ಗುಳ್ಳೆ ಇಲ್ಲದಂತೆ ಒತ್ತಿ. ಮತ್ತೆ ತಟ್ಟಿ. 'ಟಪ್' ಎಂದರೆ ಸಾಕು, ಇಂಚಿಂಚೂ ಮುಚ್ಚುವ ಅಗತ್ಯವಿಲ್ಲ. ಡಾಂಬರಿನ ಅಗ್ಗದ ಶೀಟ್ ಬೇಡ. ಬಿಸಿಲಿಗೆ ವಾಸನೆ ಹೊಡೆಯುತ್ತದೆ, ಕಳಚಿ ಬೀಳುತ್ತದೆ.

ಬಾಗಿಲಿನ ತಳದಲ್ಲಿ ನೀರು ಹೋಗುವ ಸಣ್ಣ ತೂತುಗಳಿವೆ. ಅವನ್ನು ಮುಚ್ಚಿದರೆ ಒಂದೇ ಮಳೆಗಾಲಕ್ಕೆ ತುಕ್ಕು ಶುರು. ಒಳ ತಗಡಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಎಸೆಯಬೇಡಿ. ಅದು ನೀರು ತಡೆಯುವುದಕ್ಕೇ ಇರುವುದು. ಒಳಗಿನ ದೊಡ್ಡ ತೂತುಗಳನ್ನು ಶೀಟ್‌ನಿಂದ ಮುಚ್ಚಿದರೆ ಬೇಸ್ ಎದ್ದು ಕಾಣುತ್ತದೆ. ಆದರೆ ಬಾಗಿಲೊಳಗೆ ಗಾಳಿಯ ಒತ್ತಡ ಅಳೆಯುವ ಏರ್‌ಬ್ಯಾಗ್ ಸೆನ್ಸರ್ ಇರುವ ಕಾರಿನಲ್ಲಿ ಸರ್ವಿಸ್ ಸೆಂಟರ್ ಕೇಳದೆ ಮುಚ್ಚಬೇಡಿ.

ಸ್ಪೀಕರ್ ಮತ್ತು ತಗಡಿನ ನಡುವೆ ಫೋಮ್ ರಿಂಗ್ ಇರಲಿ. ಎತ್ತರಿಸುವ ಸ್ಪೇಸರ್ ಬೇಕಿದ್ದರೆ ಪ್ಲಾಸ್ಟಿಕ್‌ನದ್ದು ತಗೊಳ್ಳಿ. ಎಂಡಿಎಫ್ ಮರದ್ದು ನೀರಿಗೆ ಉಬ್ಬಿ ಸ್ಕ್ರೂ ಬಿಟ್ಟುಕೊಡುತ್ತದೆ. ಎಲ್ಲ ಮುಚ್ಚುವ ಮೊದಲು ಗಾಜು ಪೂರ್ತಿ ಇಳಿಸಿ, ಸ್ಪೀಕರ್ ಮ್ಯಾಗ್ನೆಟ್‌ಗೆ ತಾಗುತ್ತದೆಯೇ ನೋಡಿ.

ಇನ್ನೂ ಗಡಗಡ ಇದ್ದರೆ 40ರಿಂದ 100 ಹರ್ಟ್ಜ್‌ವರೆಗೆ ಏರುವ ಟೆಸ್ಟ್ ಟೋನ್ ಹಾಕಿ. ಒಬ್ಬರು ಅಂಗೈಯಿಂದ ಪ್ಯಾಡ್‌ನ ಒಂದೊಂದು ಜಾಗ ಒತ್ತುತ್ತಾ ಹೋಗಿ. ಸದ್ದು ನಿಂತ ಕಡೆ ಕ್ಲಿಪ್ ಕೆಳಗೆ ಫೆಲ್ಟ್ ಟೇಪ್. ಬಾಗಿಲ ಜೇಬಿನ ಚಿಲ್ಲರೆ, ನಂಬರ್ ಪ್ಲೇಟ್ ಮೊದಲು ನೋಡಿ, ಆಮೇಲೆ ಸ್ಪೀಕರ್ ಮೇಲೆ ಅನುಮಾನಪಡಿ.

## ಹಂತ 7: ಬದಲಿಸಲೇಬೇಕೆಂದರೆ

ಡಬ್ಬದ ಮೇಲಿನ 300 ವ್ಯಾಟ್ ಮರೆತುಬಿಡಿ. ಆರ್‌ಎಂಎಸ್ (ಒಂದೇ ಸಮನೆ ನಿಭಾಯಿಸುವ ಪವರ್) ಎಷ್ಟು ಅನ್ನುವುದನ್ನು ಓದಿ. ಆಂಪ್ ಇಲ್ಲದೆ ಹಾಕುವುದಾದರೆ ಅದಕ್ಕಿಂತಲೂ ಮುಖ್ಯ ಸೆನ್ಸಿಟಿವಿಟಿ, ಅಂದರೆ ಕೊಟ್ಟ ಪವರ್‌ಗೆ ಎಷ್ಟು ಸದ್ದು ಬರುತ್ತದೆ ಅನ್ನುವುದು. 90 ಡೆಸಿಬೆಲ್ ಅಥವಾ ಮೇಲೆ ಇರಲಿ. 87ರ ಸ್ಪೀಕರ್‌ನಿಂದ ಅಷ್ಟೇ ಸದ್ದು ಬರಲು ಎರಡರಷ್ಟು ಪವರ್ ಬೇಕು. ವ್ಯಾಸದ ಜೊತೆ ಆಳವನ್ನೂ ಅಳೆದುಕೊಂಡು ಹೋಗಿ. ದುಡ್ಡು ಎರಡಕ್ಕೇ ಇದ್ದರೆ ಮುಂದಿನವನ್ನು ಮಾತ್ರ ಬದಲಿಸಿ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಾಕಿಸುವುದಾದರೆ ಮೊದಲೇ ಹೇಳಿ: "ಕಪ್ಲರ್ ಹಾಕಿ, ವೈರ್ ಕಟ್ ಮಾಡಬೇಡಿ, ಬೇಸ್ ಬೂಸ್ಟ್ ಏರಿಸಬೇಡಿ."

## ಹಂತ 8: ಆಂಪ್ ಇದ್ದರೆ

ಪವರ್ ವೈರ್‌ಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಕಡ್ಡಾಯ. 45 ಸೆಂ.ಮೀ. ಒಳಗೆ ಇರಲಿ. ಆಂಪ್ ಪಕ್ಕ ಒಂದು ಫ್ಯೂಸ್ ಇದೆಯಲ್ಲ ಎನ್ನಬೇಡಿ. ನಡುವೆ ಎಲ್ಲಾದರೂ ವೈರ್ ಬಾಡಿಗೆ ತಾಗಿದರೆ ಬೆಂಕಿ ತಡೆಯುವುದು ಬ್ಯಾಟರಿ ಕಡೆಯ ಫ್ಯೂಸ್ ಮಾತ್ರ. ವೈರ್ ಪೂರ್ತಿ ತಾಮ್ರದ್ದಾಗಿರಲಿ. ತುದಿ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ.

ಇಂಜಿನ್ ಜೊತೆ ಏರುವ 'ಕೂಂಯ್' ಸದ್ದಿಗೆ ಮೊದಲು ಅರ್ಥ್ ನೋಡಿ. ಆಂಪ್‌ನ ಅರ್ಥ್ ವೈರ್ ಚಿಕ್ಕದಾಗಿರಲಿ, ಪೇಂಟ್ ಕೆರೆದ ಬರಿಯ ಲೋಹಕ್ಕೆ ಬೋಲ್ಟ್ ಬಿಗಿದಿರಲಿ. ಆರ್‌ಸಿಎ ಕೇಬಲ್ (ಸ್ಟೀರಿಯೊದಿಂದ ಆಂಪ್‌ಗೆ ಹಾಡು ಒಯ್ಯುವುದು) ಒಂದು ಪಕ್ಕ, ಪವರ್ ವೈರ್ ಇನ್ನೊಂದು ಪಕ್ಕ ಎಳೆಯಿರಿ. ನಾಯ್ಸ್ ಫಿಲ್ಟರ್ ಕೊನೆಯ ಉಪಾಯ.

ಆಂಪ್ ಮೇಲಿನ ಗೇನ್ ತಿರುಗಣೆ ವಾಲ್ಯೂಮ್ ಅಲ್ಲ. ಅದನ್ನು ಅಳೆದೇ ಇಡಬೇಕು. ಆಂಪ್‌ನಿಂದ ಸ್ಪೀಕರ್ ವೈರ್ ಕಳಚಿ, ಗೇನ್ ಸೊನ್ನೆಗೆ ತನ್ನಿ. ಈಕ್ವಲೈಸರ್ ಸೊನ್ನೆ, ಬೇಸ್ ಬೂಸ್ಟ್ ಆಫ್. ಸ್ಟೀರಿಯೊ ವಾಲ್ಯೂಮ್ ಮುಕ್ಕಾಲು, ಅಂದರೆ 40ಕ್ಕೆ 30. ಬಾಗಿಲಿನ ಚಾನೆಲ್‌ಗೆ 400 ಹರ್ಟ್ಜ್, ಸಬ್‌ಗೆ (ಬೇಸ್‌ಗೆಂದೇ ಇರುವ ದೊಡ್ಡ ಸ್ಪೀಕರ್) 50 ಹರ್ಟ್ಜ್‌ನ ಟೋನ್ ಹಾಕಿ. ಅಗ್ಗದ ಮೀಟರ್‌ಗಳು 400 ದಾಟಿದರೆ ತಪ್ಪು ಹೇಳುವುದುಂಟು, ಅದಕ್ಕೇ 1,000 ಬೇಡ. ಮೀಟರ್ ಎಸಿ ವೋಲ್ಟ್‌ನಲ್ಲಿ ಇರಲಿ.

ಎಷ್ಟು ವೋಲ್ಟ್ ಬೇಕೆಂದರೆ, ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 50 ವ್ಯಾಟ್, 4 ಓಮ್ ಆದರೆ 200ರ ವರ್ಗಮೂಲ, 14.1 ವೋಲ್ಟ್. ಆಂಪ್ ಮತ್ತು ಸ್ಪೀಕರ್ ಎರಡರಲ್ಲಿ ಯಾವುದರ ಆರ್‌ಎಂಎಸ್ ಕಡಿಮೆಯೋ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಗೇನ್ ನಿಧಾನವಾಗಿ ತಿರುಗಿಸಿ ಆ ಅಂಕಿ ಬಂದಾಗ ನಿಲ್ಲಿಸಿ. ಇನ್ನು ಮುಂದೆ ಸ್ಟೀರಿಯೊವನ್ನು 30 ದಾಟಿಸಬೇಡಿ. ಸಬ್‌ಗೆ ಲೋ ಪಾಸ್ (ಕೆಳಗಿನ ಬೇಸ್ ಮಾತ್ರ ಬಿಡುವ ಫಿಲ್ಟರ್) 80 ಹರ್ಟ್ಜ್, ಬಾಗಿಲಿಗೆ ಹೈ ಪಾಸ್ 80.

ಸುಟ್ಟ ವಾಸನೆ, ಮುಟ್ಟಲಾಗದಷ್ಟು ಬಿಸಿ ಆಂಪ್, ಬೇಸ್ ಬಂದಾಗಲೆಲ್ಲ ಮಂಕಾಗುವ ಹೆಡ್‌ಲೈಟ್, ಪ್ರೊಟೆಕ್ಟ್ ದೀಪ. ಯಾವುದು ಕಂಡರೂ ತಕ್ಷಣ ಆಫ್ ಮಾಡಿ, 3ನೇ ಹಂತದಿಂದ ಮತ್ತೆ ನೋಡಿ. ಮೀಟರ್ ಹಿಡಿಯುವುದು ಮಾತ್ರ ಸ್ಟೀರಿಯೊ ಹಿಂದೆ ಅಲ್ಲ, ಆಂಪ್‌ನಿಂದ ಕಳಚಿದ ಸ್ಪೀಕರ್ ವೈರ್‌ಗೆ.

## ಹಂತ 9: ಕೊನೆಯ ಟ್ಯೂನಿಂಗ್

ಈಕ್ವಲೈಸರ್ ಮುಟ್ಟುವ ಸಮಯ ಈಗ. ಏರಿಸುವುದಕ್ಕಿಂತ ಇಳಿಸಿ. ದನಿ ಡಬ್ಬದೊಳಗಿಂದ ಬಂದಂತಿದ್ದರೆ 250 ಹರ್ಟ್ಜ್ ಸುತ್ತ 2-3 ಡೆಸಿಬೆಲ್ ಇಳಿಸಿ. ಕಿವಿಗೆ ಚುಚ್ಚುತ್ತಿದ್ದರೆ 2,500ರಿಂದ 4,000 ಹರ್ಟ್ಜ್ ನಡುವೆ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ಹಾಡು ಕೇಳಿ.

ಸ್ಟೀರಿಯೊದಲ್ಲಿ ಟೈಮ್ ಅಲೈನ್‌ಮೆಂಟ್ (ಹತ್ತಿರದ ಸ್ಪೀಕರ್‌ನ ಸದ್ದನ್ನು ಚೂರು ತಡ ಮಾಡುವ ಸೆಟ್ಟಿಂಗ್) ಇದ್ದರೆ ಬಳಸಿ. ನಮ್ಮಲ್ಲಿ ಚಾಲಕರ ಸೀಟು ಬಲಕ್ಕೆ, ಹಾಗಾಗಿ ಬಲ ಸ್ಪೀಕರ್ ಸದ್ದು ಮೊದಲು ಮುಟ್ಟುತ್ತದೆ. ತಲೆಯಿಂದ ಬಲ ಸ್ಪೀಕರ್‌ಗೆ 90 ಸೆಂ.ಮೀ., ಎಡಕ್ಕೆ 140 ಎಂದುಕೊಳ್ಳಿ. ವ್ಯತ್ಯಾಸ 50. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಹೋಗುತ್ತದೆ. ಅಂದರೆ ಬಲ ಸ್ಪೀಕರನ್ನು 1.5 ಮಿಲಿಸೆಕೆಂಡ್ ತಡ ಮಾಡಬೇಕು. ಹಾಡುವವರ ದನಿ ಬಾಗಿಲಿಂದ ಎದ್ದು ಡ್ಯಾಶ್‌ಬೋರ್ಡ್ ನಡುವೆ ಬರುವವರೆಗೆ ಸ್ವಲ್ಪ ಸ್ವಲ್ಪ ತಿದ್ದಿ. ಪಕ್ಕದ ಸೀಟಿನವರಿಗೆ ಇದು ಸರಿಹೊಂದುವುದಿಲ್ಲ, ಅದಕ್ಕೆ ಬೇರೆ ಪ್ರೀಸೆಟ್ ಮಾಡಿಕೊಳ್ಳಿ.

ಮುಗಿದ ಮೇಲೆ ಸೆಟ್ಟಿಂಗ್ ಪರದೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ಸರ್ವಿಸ್‌ಗೆ ಬಿಟ್ಟಾಗ ಬ್ಯಾಟರಿ ಕಳಚಿದರೆ ಕೆಲವು ಸ್ಟೀರಿಯೊಗಳಲ್ಲಿ ಎಲ್ಲ ಅಳಿಸಿಹೋಗುತ್ತದೆ.